ಜಿಪ್ ಇಲ್ಲದ ಕುಶನ್ ಕವರ್: ಅಳತೆ, ಮೂಲೆ ಮತ್ತು ನಿಮ್ಮ ಅನುಭವ

ನನ್ನ ಹತ್ತಿರ 40 ಸೆಂ.ಮೀ. ಚೌಕದ ಕುಶನ್‌ಗಳಿವೆ. ಜಿಪ್ ಕೂರಿಸಲು ಬರುವುದಿಲ್ಲ. ಹೊಲಿದ ಕವರ್ ಜೋಲುತ್ತದೆ, ಮೂಲೆಗಳು ನಾಯಿ ಕಿವಿಯ ಹಾಗೆ ಚಾಚಿಕೊಳ್ಳುತ್ತವೆ. ಹೊಲಿದು ಪಳಗಿದವರು ಹೇಳುತ್ತೀರಾ?

*

ಕುಶನ್ ಎಷ್ಟಿದೆಯೋ ಕವರ್ ಅಷ್ಟೇ ಇದ್ದರೆ ಜೋಲುವುದು ಸಹಜ. ಒಳಗಿನ ಹತ್ತಿ ಅಮುಕಿ ಕೂರುತ್ತದೆ ಅಲ್ವಾ. ನಾನು ಯಾವಾಗಲೂ 2 ಸೆಂ.ಮೀ. ಕಮ್ಮಿ ಮಾಡಿಯೇ ಹೊಲಿಯುತ್ತೇನೆ.

ಒಂದೇ ತುಂಡಿನಲ್ಲಿ ಮುಗಿಸಬಹುದು. 40 ಸೆಂ.ಮೀ. ಅಗಲ, 94 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ. ಎರಡು ಗಿಡ್ಡ ಅಂಚುಗಳನ್ನು ಮೊದಲು 1 ಸೆಂ.ಮೀ., ಮತ್ತೆ 2 ಸೆಂ.ಮೀ. ಮಡಚಿ ಹೊಲಿಯಿರಿ. ಉದ್ದ 88 ಉಳಿಯುತ್ತದೆ. ಬಟ್ಟೆಯ ಸೀದಾ ಮಗ್ಗುಲು, ಅಂದರೆ ಕೊನೆಗೆ ಹೊರಗೆ ಕಾಣಬೇಕಾದ ಕಡೆ, ಮೇಲಿರಲಿ. ಎರಡೂ ತುದಿ ನಡುವಿಗೆ ತಂದು 12 ಸೆಂ.ಮೀ. ಒಂದರ ಮೇಲೊಂದು ಕೂರಿಸಿದರೆ ಕವರಿನ ಅಗಲ ಸರಿಯಾಗಿ 38 ಆಗುತ್ತದೆ. ಮೇಲೆ ಕೆಳಗೆ 1 ಸೆಂ.ಮೀ. ಬಿಟ್ಟು ನೇರ ಹೊಲಿಗೆ ಹಾಕಿ, ತಿರುವಿ ಹಾಕಿ. ಅಷ್ಟೇ, ಕವರ್ ಆಯಿತು.

ಒಂದು ಮಾತು. ಅಂಚುಗಳು ಒಂದರ ಮೇಲೊಂದು ಬರುವ ಕಡೆ ಹಿಂದೆ ಮುಂದೆ ಎರಡು ಸಲ ಹೊಲಿಯಿರಿ. ಕುಶನ್ ತುರುಕುವಾಗ ಮೊದಲು ಬಿಚ್ಚಿಕೊಳ್ಳುವುದು ಅಲ್ಲಿಯೇ.

*

ಮೂಲೆಯ ವಿಷಯ ನಾನು ಹೇಳುತ್ತೇನೆ. ಮೂಲೆಗೆ ಇನ್ನೂ 10 ಸೆಂ.ಮೀ. ಇರುವಾಗಲೇ ಹೊಲಿಗೆಯನ್ನು ಮೆಲ್ಲಗೆ ಒಳಕ್ಕೆ ಎಳೆಯುತ್ತಾ ಹೋಗಿ. ಮೂಲೆಗೆ ಬರುವಷ್ಟರಲ್ಲಿ ಮಾಮೂಲಿಗಿಂತ 1 ಸೆಂ.ಮೀ. ಜಾಸ್ತಿ ಒಳಗಿರಬೇಕು. ಖಾಲಿ ಕವರ್ ನೋಡಿದರೆ ಸೊಟ್ಟ ಅನ್ನಿಸುತ್ತದೆ, ಕುಶನ್ ಹಾಕಿದ ಮೇಲೆ ಚೌಕವಾಗಿಯೇ ಕಾಣುತ್ತದೆ. ಒಂದೇ ತುಂಡಿನ ಕವರಿನಲ್ಲಿ ಎರಡು ಬದಿ ಬರೀ ಮಡಿಕೆ, ಹಾಗಾಗಿ ಮೇಲೆ ಕೆಳಗೆ ಮಾತ್ರ ಹೀಗೆ ಮಾಡಬಹುದು. ಅಷ್ಟಕ್ಕೇ ಕಿವಿ ಸುಮಾರು ತಗ್ಗುತ್ತದೆ.

ತಿರುವುವ ಮೊದಲು ಮೂಲೆಯ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಹೊಲಿಗೆಯಿಂದ 3 ಮಿ.ಮೀ. ದೂರ ಇರಲಿ. ಮೂಲೆ ಹೊರಕ್ಕೆ ದೂಡಲು ಕತ್ತರಿಯ ತುದಿ ಬೇಡವೇ ಬೇಡ. ಪೆನ್ಸಿಲಿನ ಮೊಂಡು ಕಡೆ ಸಾಕು.

*

ಹತ್ತಿ ಬಟ್ಟೆಯಾದರೆ ಒಗೆದು, ಇಸ್ತ್ರಿ ಮಾಡಿ, ಆಮೇಲೆ ಅಳತೆ ತೆಗೆಯಿರಿ. ಮೊದಲ ಒಗೆತಕ್ಕೇ ಕುಗ್ಗಿದರೆ ಆ 2 ಸೆಂ.ಮೀ. ಲೆಕ್ಕವೆಲ್ಲ ತಲೆಕೆಳಗು. ಮಾಮೂಲಿ ಹತ್ತಿಗೆ 14 ನಂಬರ್ ಸೂಜಿ, ಜೀನ್ಸ್‌ನಂಥ ದಪ್ಪ ಬಟ್ಟೆಗೆ 16.

*

ಮೆಷಿನ್ ಇಲ್ಲದವರಿಗೆ: ಕೈಯಲ್ಲೂ ಚೆನ್ನಾಗಿ ಬರುತ್ತದೆ. ಆದರೆ ಸುಮ್ನೆ ಓಡುಹೊಲಿಗೆ (ಸೂಜಿ ಮೇಲೆ ಕೆಳಗೆ ಮಾಡುತ್ತಾ ಮುಂದಕ್ಕೇ ಹೋಗುವ ಹೊಲಿಗೆ) ಹಾಕಬೇಡಿ, ಎಳೆದರೆ ಬಾಯಿ ಬಿಡುತ್ತದೆ. ಹಿಂಹೊಲಿಗೆ (ಪ್ರತಿ ಸಲ ಸೂಜಿಯನ್ನು ಒಂದು ಹೊಲಿಗೆಯಷ್ಟು ಹಿಂದಕ್ಕೆ ಚುಚ್ಚಿ ಮುಂದೆ ತೆಗೆಯುವುದು) ಹಾಕಿ, ಪಾಲಿಯೆಸ್ಟರ್ ದಾರ ಇರಲಿ.

*

ಮೇಲಿನ ಅಳತೆ ಸರಿಯೇ. ಆದರೆ ತುಂಬಾ ಉಬ್ಬಿದ ಕುಶನ್‌ಗೆ 12 ಸೆಂ.ಮೀ. ಮೇಲುಮಡಿಕೆ ಸಾಲದು, ಹಿಂಬದಿ ತೆರೆದುಕೊಂಡು ಒಳಗಿನ ಬಿಳಿ ಬಟ್ಟೆ ಕಾಣುತ್ತದೆ. ಪಟ್ಟಿಯನ್ನು 97 ಸೆಂ.ಮೀ. ಮಾಡಿ 15 ಸೆಂ.ಮೀ. ಇಡಿ. ಇಲ್ಲವೇ ನಡುವೆ ಒಂದು ಟಿಚ್ ಬಟನ್ ಹಾಕಿ.