ಮಗ್ಗದ ಸಪ್ಪಳ, ಬಿಪಿ, ಮುಪ್ಪಿನ ಮರೆವು: ನರರೋಗ ತಜ್ಞರಿಗೆ ಪ್ರಶ್ನೆ

ಪ್ರಶ್ನೆ: ನಮಸ್ಕಾರ್ರೀ ಡಾಕ್ಟರ್. ಬನಹಟ್ಟಿಯವರು ನಾವು, ಮನ್ಯಾಗ ಪಾವರ್‌ಲೂಮ್ ಅದಾವು. ಅಪ್ಪಾರಿಗೆ 56, ಬಿಪಿ ಐತಿ, ಕಿವಿ ಮಂದ ಆಗ್ಯಾವು. ಮುಂದ ಅರಳು-ಮರಳು ಆಗದಂಗ ಈಗ ಏನ್ ಮಾಡಬೇಕ್ರಿ? ನೆನಪಿನ ಟಾನಿಕ್ ಕುಡಸೂದೇನ್ರಿ?

ಉತ್ತರ: ಟಾನಿಕ್ಕಿನ ರೊಕ್ಕ ಕಿವಿ ಪರೀಕ್ಷೆಗೆ ಹಾಕ್ರಿ. ಟಾನಿಕ್‌ನಿಂದ ಡಿಮೆನ್ಶಿಯಾ (ನೀವನ್ನುವ ಅರಳು-ಮರಳು) ತಡೆದದ್ದಕ್ಕೆ ಆಧಾರವಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಈ ಕಾಯಿಲೆಗೆ ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಅತಿ ದೊಡ್ಡ ಪಾಲು ಎರಡಕ್ಕೆ: ಕಿವಿ ಮಂದವಾಗುವುದು ಮತ್ತು ನಡುವಯಸ್ಸಿನಲ್ಲಿ ಏರಿದ ಎಲ್‌ಡಿಎಲ್ (ಕೆಟ್ಟ) ಕೊಲೆಸ್ಟರಾಲ್. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ತಲೆಗೆ ಪೆಟ್ಟು, ಹೊಗೆ ತುಂಬಿದ ಗಾಳಿ, ಒಂಟಿತನ ಇವೂ ಅದರಲ್ಲಿವೆ.

ನಿಮ್ಮ ಮನೆಯಲ್ಲಿ ಕಿವಿಯಿಂದಲೇ ಶುರು ಮಾಡಬೇಕು. 85 ಡೆಸಿಬೆಲ್ ಸಪ್ಪಳವನ್ನು ದಿನಕ್ಕೆ 8 ತಾಸು ತಡೆಯಬಹುದು. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಪಾವರ್‌ಲೂಮ್ ಶೆಡ್ಡಿನಲ್ಲಿ ಸಾಮಾನ್ಯವಾಗಿ 90 ದಾಟುತ್ತದೆ. ಮೊದಲು ಹೋಗುವುದು ಎತ್ತರದ ಸ್ವರ. ಅದಕ್ಕೇ "ಕೇಳಸ್ತೈತಿ, ಆದ್ರ ತಿಳಿವಲ್ದು" ಅನ್ನುತ್ತಾರೆ. ಮುಂದೆ ಮಾತಿಗೆ ಕೂಡುವುದನ್ನೇ ಬಿಡುತ್ತಾರೆ. ಮಿದುಳಿಗೆ ಕೆಲಸ ಕಡಿಮೆಯಾಗುವುದು ಅಲ್ಲಿ.

ಕಿವಿಯಲ್ಲಿ ಅರಳೆ ತುರುಕಿದರೆ ಸಾಲದು. ಫೋಮ್ ಪ್ಲಗ್ಗನ್ನು ಬೆರಳಲ್ಲಿ ತೆಳ್ಳಗೆ ಹೊಸೆಯಿರಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡಿ, ಅದು ಉಬ್ಬುವ ತನಕ 20-30 ಸೆಕೆಂಡ್ ಒತ್ತಿ ಹಿಡಿಯಿರಿ. ಅರ್ಧ ಹೊರಗಿದ್ದರೆ ಹಾಕಿಯೂ ಹಾಕದಂತೆ. ಹೋದ ಶ್ರವಣ ತಿರುಗಿ ಬರುವುದಿಲ್ಲ, ಹಾಗಾಗಿ ಮಗ್ಗದ ಮೇಲಿರುವ ಹುಡುಗರಿಗೂ ಇವತ್ತೇ ಪ್ಲಗ್ ಕೊಡಿ.

ಪ್ರಶ್ನೆ: ಕಿವಿ ಮಷಿನ್ ಹಾಕಿದ್ರ ಗದ್ದಲ ಆಗತೈತಿ ಅಂತ ಅಪ್ಪಾರು ತೆಗೆದಿಟ್ಟಾರ್ರಿ. ಬಿಪಿ ಎಷ್ಟಿರಬೇಕು?

ಉತ್ತರ: ಮೊದಲು ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆಯೇ ನೋಡಿಸಿ, ಆಮೇಲೆ ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ನಕ್ಷೆ) ಪ್ರಕಾರ ಮಷಿನ್ ಹೊಂದಿಸಿಕೊಡಲು ಹೇಳಿ. ಮನೆಯೊಳಗೆ, ಒಬ್ಬರ ಜೊತೆ ಮಾತಾಡುವಾಗ, ದಿನಕ್ಕೆ ಒಂದೆರಡು ತಾಸು ಹಾಕಿಸಿ; ವಾರಗಳಲ್ಲಿ ಹೆಚ್ಚಿಸಿ. ಮೊದಲ ದಿನವೇ ಸಂತೆಗೆ ಹಾಕಿಕೊಂಡು ಹೋದವರು ಕಪಾಟಿಗಿಡುತ್ತಾರೆ.

ಬಿಪಿಯ ಮೇಲಿನ ಅಂಕಿ 40 ದಾಟಿದವರಲ್ಲಿ 130 ಅಥವಾ ಅದಕ್ಕಿಂತ ಕೆಳಗಿರಲಿ. ಚಹಾ, ತಂಬಾಕು ಆಗಿ ಅರ್ಧ ತಾಸು ಬಿಟ್ಟು, 5 ನಿಮಿಷ ಸುಮ್ಮನೆ ಕೂತು ನೋಡಿ. ಬೆನ್ನಿಗೆ ಆಸರೆ ಇರಲಿ, ತೋಳು ಎದೆಯ ಮಟ್ಟದಲ್ಲಿರಲಿ, ತೋಳಿಗೆ ಸುತ್ತುವ ಪಟ್ಟಿ ಅಂಗಿಯ ಮೇಲೆ ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಬರೆದಿಡಿ. ಇಡೀ ದಿನಕ್ಕೆ ಉಪ್ಪು ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲ ಸೇರಿ. ತಲೆ ಸುತ್ತು ಬಂದರೆ ಬಿಪಿ ಗುಳಿಗೆ ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ಪ್ರಶ್ನೆ (ಇನ್ನೊಬ್ಬರು, ಜಮಖಂಡಿ): ಅವ್ವಾರಿಗೆ 70, ಮೂರು ತಿಂಗಳಿಂದ ಮರವು ಜಾಸ್ತಿ ಆಗೈತ್ರಿ. ವಯಸ್ಸಿಂದ ಅಂತ ಬಿಡೂದೇನ್ರಿ?

ಉತ್ತರ: ಬಿಡಬೇಡ್ರಿ. ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ ಪರೀಕ್ಷೆ ಮಾಡಿಸಿ. ಮನಸ್ಸಿನ ಖಿನ್ನತೆಯೂ ಮರೆವಿನ ಹಾಗೇ ಕಾಣುತ್ತದೆ. ನುಂಗುತ್ತಿರುವ ಗುಳಿಗೆ ಎಲ್ಲಾ ಚೀಲಕ್ಕೆ ಹಾಕಿ ತನ್ನಿ. ನೆಗಡಿ-ತುರಿಕೆಯ ಕ್ಲೋರ್‌ಫೆನಿರಮೈನ್, ನಿದ್ದೆ ಗುಳಿಗೆ ಇಂಥವೂ ವಯಸ್ಸಾದವರ ಬುದ್ಧಿ ಮಂಕು ಮಾಡುತ್ತವೆ. ಈಚೆಗೆ ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಗಾಯ ಕಾಣದಿದ್ದರೂ, ಸ್ಕ್ಯಾನ್ ತಡ ಮಾಡಬೇಡಿ: ಒಳಗೆ ನಿಧಾನ ಕೂಡಿದ ರಕ್ತ ತೆಗೆದರೆ ಎಷ್ಟೋ ಜನ ಮೊದಲಿನಂತಾಗುತ್ತಾರೆ. ಒಂದೆರಡು ದಿನದಲ್ಲೇ ಗೊಂದಲ ಏರಿದರೆ ಅವತ್ತೇ ಆಸ್ಪತ್ರೆಗೆ ಕರಕೊಂಡು ಹೋಗ್ರಿ.