ನಡುವೆ ನಿಂತು ವ್ಯವಹಾರ ಮುಗಿಸಿಕೊಡುವವರಿಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನಮ್ಮದು ತೀರ್ಥಹಳ್ಳಿ ಕಡೆ ಒಂದು ಹಳ್ಳಿ. ಊರಿನ ಹಿರಿಯರೊಬ್ಬರು ಹೋದ ವರ್ಷ ತೀರಿಕೊಂಡರು. ವರ್ಷಾಂತಿಕದ ಹೊತ್ತಿಗೆ ಅವರ ನೆನಪಿನ ಸಣ್ಣ ಪುಸ್ತಕ ತರುತ್ತೇವೆ, ನೀನೂ ಎರಡು ಪುಟ ಬರೆದುಕೊಡು ಅಂತ ಮನೆಯವರು ಹೇಳಿದರು. ಸುತ್ತಲಿನ ಹಳ್ಳಿಗಳಲ್ಲಿ ಎತ್ತು ಕೊಳ್ಳುವುದಿರಲಿ, ಗದ್ದೆ ಮಾರುವುದಿರಲಿ, ಅವರು ಬಂದು ಜಗಲಿಯಲ್ಲಿ ಕೂತರೇ ಮಾತು ಮುಗಿಯುತ್ತಿದ್ದದ್ದು. ಹಾಗಾಗಿ 'ಎರಡೂ ಕಡೆಯವರು ನಂಬುವಂಥ ದಲ್ಲಾಳಿ ಆಗಿದ್ದರು' ಅಂತ ಬರೆದೆ. ಹೊಗಳಿಕೆ ಅಂತಲೇ ಬರೆದದ್ದು. ಅವರ ಮಗ ನನ್ನ ಓರಗೆಯವನು. ಓದಿ ಹಾಳೆ ಮಡಚಿಟ್ಟು, "ಅಪ್ಪಯ್ಯ ದಲ್ಲಾಳಿ ಅಲ್ಲ ಮಾರಾಯಾ" ಅಂದ. ಅವನ ಮುಖ ನೋಡಿ ನನಗೆ ಬಹಳ ಬೇಜಾರಾಯಿತು.

ಸರಿ, 'ಮಧ್ಯಸ್ಥ' ಅಂತ ತಿದ್ದಿದೆ. ಅದೂ ಸರಿ ಕಾಣಲಿಲ್ಲ. ಮಧ್ಯಸ್ಥಿಕೆ ಅಂದರೆ ಅಲ್ಲೊಂದು ಜಗಳ ಇರಬೇಕು. ಬೇಲಿ ತಕರಾರು, ಪಾಲು, ಗಂಡ ಹೆಂಡಿರ ಮನಸ್ತಾಪ, ಇಂಥದ್ದು. ಕೋರ್ಟಿನವರೂ ರಾಜಿ ಮಾಡಿಸುವ ಕೆಲಸಕ್ಕೇ ಆ ಪದ ಬಳಸುತ್ತಾರೆ. ಎತ್ತಿನ ವ್ಯಾಪಾರದಲ್ಲಿ ಜಗಳ ಎಲ್ಲಿ ಬಂತು? ಇನ್ನು 'ಮಧ್ಯವರ್ತಿ'. ಪೇಪರಿನಲ್ಲಿ ಈ ಪದದ ಹಿಂದೆ ಸಾಮಾನ್ಯವಾಗಿ 'ಹಾವಳಿ' ಬಂದೇ ಬರುತ್ತದೆ. ತೋಟಕ್ಕೆ ಮಂಗನ ಹಾವಳಿ, ಗದ್ದೆಗೆ ಆನೆ ಹಾವಳಿ, ಕಚೇರಿಯಲ್ಲಿ ಮಧ್ಯವರ್ತಿಗಳ ಹಾವಳಿ. ಸತ್ತ ಹಿರಿಯರಿಗೆ ಅದನ್ನು ಹೇಗೆ ಹಾಕಲಿ? ಏಜೆಂಟ್ ಅಂದರೆ ಒಂದೇ ಕಡೆಯವನು ಅಂತಾಗುತ್ತದೆ. ಬ್ರೋಕರ್ ಅಂದರೆ ಈಗ ಸೈಟಿನವನೇ ಕಣ್ಣಿಗೆ ಬರುತ್ತಾನೆ.

ಅವರು ಮಾಡುತ್ತಿದ್ದ ಕೆಲಸ ನಾನೇ ಚಿಕ್ಕವನಿದ್ದಾಗ ನೋಡಿದ್ದೇನೆ. ಜಾತ್ರೆಯಲ್ಲಿ ನಮ್ಮನೆಗೆ ಒಂದು ಜೊತೆ ಎತ್ತು ನೋಡಲು ಅಪ್ಪನ ಜೊತೆ ಹೋಗಿದ್ದೆ. ಆ ಹಿರಿಯರು ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಬಲಗೈ ಮೇಲೆ ಇಳಿಬಿಟ್ಟರು. ಅದರ ಕೆಳಗೆ ಮಾರುವವನ ಕೈ ಹಿಡಿದು ಬೆರಳು ಒತ್ತಿದರು. ಆಮೇಲೆ ಅಪ್ಪನ ಕೈ. ಮತ್ತೆ ಆ ಕಡೆ, ಮತ್ತೆ ಈ ಕಡೆ. ಎಷ್ಟು ಬೆರಳು ಹಿಡಿದರೆ ಎಷ್ಟು ರೇಟು ಅನ್ನುವುದು ಆ ಕೈಗಳಿಗೆ ಮಾತ್ರ ಗೊತ್ತು. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುವುದು. ಮಾರುವವನು ಆಗಲ್ಲ ಅಂತ ಕೈ ಎಳೆದುಕೊಂಡ, ಇವರು ಬಿಡದೆ ಇನ್ನೊಂದು ಸಲ ಹಿಡಿದರು. ಕೊನೆಗೆ ಟವೆಲ್ ಸರಿಸಿ ಅಪ್ಪನ ಕೈಯನ್ನು ಅವನ ಕೈ ಮೇಲೆ ಇಟ್ಟರು. ಮುಗಿಯಿತು. ಇಬ್ಬರೂ ಎದುರಿಗೇ ಏನೋ ಸ್ವಲ್ಪ ಕೊಟ್ಟರು, ಅವರೂ ಎದುರಿಗೇ ತೆಗೆದುಕೊಂಡರು. ಅಂದಮೇಲೆ ದಲ್ಲಾಳಿ ಅನ್ನುವುದೇ ಸರಿಯಾದ ಪದ ಅಲ್ವಾ? ಆದರೆ ಬಳಸುವ ಹಾಗಿಲ್ಲ!

ಪದದ ಮೂಲ ನೋಡಿದರೆ ಇನ್ನೂ ಸಂಕಟ ಆಗುತ್ತದೆ. ಅದು ಅರಬ್ಬಿಯ 'ದಲ್ಲಾಲ್'. ದಾರಿ ತೋರಿಸು ಅನ್ನುವ ಅರ್ಥದ ಧಾತುವಿನಿಂದ ಬಂದದ್ದು. ಸಾಕ್ಷಿ ಅನ್ನುವ ಅರ್ಥದ 'ದಲೀಲ್' ಕೂಡ ಅದೇ ಬೇರಿನದು. ದಾರಿ ತೋರಿಸುವವನು, ಎಂಥ ಒಳ್ಳೆ ಅರ್ಥ! ಕನ್ನಡಕ್ಕೆ ಬಂದು ದಲ್ಲಾಳಿ ಆಯಿತು, ದಳ್ಳಾಳಿ ಅಂತಲೂ ಬರೆಯುತ್ತಾರೆ. ಆ 'ಆಳಿ' ನಮ್ಮ ಮಾತಾಳಿ, ಓದಾಳಿಗಳ ಜೊತೆ ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಸಂಸ್ಕೃತದ ವಾಚಾಲ ನಮ್ಮಲ್ಲಿ ವಾಚಾಳಿ ಆದ ಹಾಗೇ ಇದೂ ಆಗಿರಬೇಕು ಅನ್ನುವುದು ನನ್ನ ಊಹೆ. ಹುಬ್ಬಳ್ಳಿ, ಗದಗ, ಬ್ಯಾಡಗಿ ಕಡೆ ಹೋದರೆ 'ದಲಾಲಿ ಅಂಗಡಿ', 'ದಲಾಲಿ ವರ್ತಕರು' ಅಂತ ಬೋರ್ಡ್ ಹಾಕಿರುತ್ತಾರೆ. ದಲಾಲ ಅನ್ನುವ ಮನೆತನದ ಹೆಸರೂ ಇದೆ. ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಘಟ್ಟದ ಕಡೆ ಮಾತ್ರ ಯಾಕೆ ಹೀಗೆ?

ನಮ್ಮಲ್ಲಿ ಬೇರೆ ಪದಗಳು ಬೇಕಾದಷ್ಟಿವೆ, ಆದರೆ ಅವೆಲ್ಲ ಅಡಿಕೆಯವು. ಚೇಣಿದಾರ ನಡುವಿನವನಲ್ಲ, ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿಯುವವನು, ಲಾಭ ನಷ್ಟ ಅವನದೇ. ಶಿವಮೊಗ್ಗದ ಮಂಡಿಯವರು, ಅಂದರೆ ಅಡಿಕೆಯ ಸಗಟು ಅಂಗಡಿಯವರು, ಮಾಡುವುದು ಮಾತ್ರ ನಿಜಕ್ಕೂ ದಲ್ಲಾಳಿ ಕೆಲಸ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆ ನೋಡಿ ನಮ್ಮ ಮಾಲನ್ನು ಮಾರಿಸಿ, ತಮ್ಮ ಕಮಿಷನ್ ಪಡೆದು ಲೆಕ್ಕದ ಪಟ್ಟಿ ಕೊಡುತ್ತಾರೆ. ಆದರೆ ಅವರಿಗೆ ಯಾರೂ ದಲ್ಲಾಳಿ ಅನ್ನುವುದಿಲ್ಲ. 'ಮಂಡಿ ಸಾಹುಕಾರ್ರು' ಅನ್ನುತ್ತಾರೆ. ಅಂಗಡಿಯ ಹೆಸರೇ ಆಳಿಗೆ ಬಂತು, ಮಾನವೂ ಉಳಿಯಿತು.

ಪದಗಳು ಹೀಗೆ ಕೆಡುವುದು ಹೊಸದೇನಲ್ಲ. 'ಸಂಚಕಾರ' ಅಂದರೆ ಮುಂಗಡ. ಮಾತು ಮುಗಿದ ಮೇಲೆ ಇದು ಗಟ್ಟಿ ಅಂತ ಕೊಡುವ ದುಡ್ಡು. ಸಂಸ್ಕೃತದ ಸತ್ಯಂಕಾರದ ತದ್ಭವ ಅದು. ಈಗ 'ಜೀವಕ್ಕೆ ಸಂಚಕಾರ' ಅಂದರೆ ಮಾತ್ರ ಜನಕ್ಕೆ ತಿಳಿಯುತ್ತದೆ. ನಂಬಿಕೆಯ ಪದ ಅಪಾಯದ ಪದ ಆಗಿಹೋಗಿದೆ.

ಕೊನೆಗೆ ದೊಡ್ಡಮ್ಮನನ್ನೇ ಕೇಳಿದೆ, ಆಗ ನೀವೆಲ್ಲ ಅವರನ್ನು ಏನಂತ ಹೇಳ್ತಿದ್ರಿ ಅಂತ. "ಹೇಳೋದೆಂಥದು, ಅವ್ರೇ ಮುಂದೆ ನಿಂತು ಮಾಡಿಸಿಕೊಡ್ತಿದ್ರು" ಅಂದರು. ಇನ್ನೂ ಮೂರು ಮನೆಯಲ್ಲಿ ಕೇಳಿದೆ. 'ಮಾತಾಡಿ ಮುಗಿಸಿಕೊಟ್ರು', 'ಕುದುರಿಸಿಕೊಟ್ರು', 'ಅವ್ರೇ ಕೈ ಸೇರಿಸಿದ್ದು'. ಎಲ್ಲ ಕ್ರಿಯಾಪದ! ಒಬ್ಬರ ಬಾಯಲ್ಲೂ ಒಂದು ನಾಮಪದ ಬರಲಿಲ್ಲ. ಆಗ ಹೊಳೆಯಿತು. ನಮ್ಮ ಕಡೆ ಮರ್ಯಾದೆಯ ಮನುಷ್ಯ ಈ ಕೆಲಸ ಮಾಡಿದರೆ ಮಾಡಿದ ಕೆಲಸವನ್ನು ಹೇಳುತ್ತಾರೆ, ಬೇಡದವನು ಮಾಡಿದರೆ ಅವನಿಗೊಂದು ಹೆಸರು ಇಡುತ್ತಾರೆ. ಮದುವೆ ವಿಷಯದಲ್ಲೂ ಇದೇ ತಾನೇ? ಸೋದರಮಾವ ತೋರಿಸಿದರೆ 'ಮಾವ ಸಂಬಂಧ ಕುದುರಿಸಿದ', ದುಡ್ಡಿಗೆ ಜಾತಕ ತಂದವನಾದರೆ 'ಮದುವೆ ಬ್ರೋಕರ್'.

ನನ್ನ ಪ್ರಶ್ನೆ ಇಷ್ಟು. ಸಾಗರ, ಸೊರಬ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು ನಿಮ್ಮ ಮನೆ ಹಿರಿಯರನ್ನು ಒಮ್ಮೆ ಕೇಳಿ. ಇಂಥವರಿಗೆ ಗೌರವದಿಂದ ಹೇಳುವ ನಾಮಪದ ಏನಾದರೂ ಇತ್ತಾ? ತಮಿಳರಿಗೆ 'ತರಗರ್' ಇದೆ, ಹಾಗೆ ನಮ್ಮದೇ ಒಂದು? ಹೊಸದಾಗಿ ಕಟ್ಟಿದ ಪದ ಬೇಡ, ಬಾಯಲ್ಲಿ ಇದ್ದದ್ದು ಬೇಕು.

ಸದ್ಯಕ್ಕೆ 'ಎರಡು ಕೈ ಸೇರಿಸಿಕೊಡುತ್ತಿದ್ದರು' ಅಂತ ತಿದ್ದಿ ಮಗನಿಗೆ ಕೊಟ್ಟಿದ್ದೇನೆ. ಓದಿದ, ಇದಿರಲಿ ಅಂದ. ಪುಸ್ತಕ ಅಚ್ಚಿಗೆ ಹೋಗಲು ಇನ್ನೂ ಮೂರು ವಾರ ಇದೆ.