ಗಣಿ ಶುರುವಾಗುವ ಮುಂಚೆ ಗಿಡಗಳ ಸರ್ವೆ: ಮಾಡಿದವರು ಅನುಭವ ಹೇಳಿ

ಪ್ರಶ್ನೆ: ಬಾಟನಿ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ್ದೇನೆ. ಸಂಡೂರು ಕಡೆ ಹೊಸ ಕಬ್ಬಿಣದ ಅದಿರಿನ ಗಣಿಗೆ ಸಸ್ಯಗಳ ಸರ್ವೆ ಮಾಡಬೇಕು. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸಿ ಎಂದಿದ್ದಾರೆ. ಅಷ್ಟು ಸಾಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ 1: ಸಾಕಾಗಲ್ಲ. ಇಐಎ ವರದಿಗೆ (ಗಣಿಯಿಂದ ಪರಿಸರದ ಮೇಲೆ ಏನು ಪರಿಣಾಮ ಆಗುತ್ತದೆ ಎಂದು ಮೊದಲೇ ಅಂದಾಜು ಮಾಡುವ ವರದಿ) ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಕೇಳುತ್ತಾರೆ, ನಿಜ. ಗಾಳಿ, ಧೂಳಿನ ಲೆಕ್ಕಕ್ಕೆ ಅದು ಸರಿ. ಗಿಡಗಳಿಗೂ ಅದೇ ಅಳತೆ ಹಾಕಿದರೆ ಅರ್ಧ ಗುಡ್ಡ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಆದರೆ ಮಳೆಗಾಲದಲ್ಲಿ ಹೋಗಬಾರದು ಎಂದು ಯಾರೂ ಹೇಳಿಲ್ಲ. ಹಟ ಹಿಡಿದು ಕೇಳಿ.

ಗೌರಿ ಹಬ್ಬದ ಆಸುಪಾಸಿನಲ್ಲಿ ಅರಳುವ ಅಗ್ನಿಶಿಖೆಯನ್ನೇ ನೋಡಿ. ಬೇಸಿಗೆಯಲ್ಲಿ ಮಣ್ಣಿನೊಳಗೆ ಗಡ್ಡೆ ಮಾತ್ರ ಇರುತ್ತದೆ, ಮೇಲೆ ಒಂದು ಎಲೆಯೂ ಇಲ್ಲ. ನೆಲದ ಆರ್ಕಿಡ್‌ಗಳೂ ಹಾಗೇ. ಹುಲ್ಲಿಗೆ ತೆನೆ ಬರದೆ ಹೆಸರು ಹೇಳುವುದು ಕಷ್ಟ, ಅದಕ್ಕೆ ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಹೋಗಬೇಕು. ಸಂಡೂರಿನ ಗುಡ್ಡಗಳಲ್ಲಿ ನೀಲಕುರಿಂಜಿ ಇದೆ, 12 ವರ್ಷಕ್ಕೊಮ್ಮೆ ಹೂಬಿಡುವ ಗಿಡ. ಹೂವಿಲ್ಲದ ವರ್ಷ ಅದನ್ನು 'ಕುರುಚಲು ಪೊದೆ' ಅಂತ ಬರೆದು ಮುಂದೆ ಹೋಗುವುದು ತುಂಬಾ ಸುಲಭ. ಕುರಿ ಮೇಯಿಸುವವರನ್ನು ಕೇಳಿ. ಯಾವ ಇಳಿಜಾರು ನೀಲಿಯಾಗಿತ್ತು ಅಂತ ಅವರು ಬೆರಳು ಮಾಡಿ ತೋರಿಸುತ್ತಾರೆ.

ಪ್ಲಾಟ್, ಅಂದರೆ ಗಿಡ ಎಣಿಸಲು ಅಳೆದು ಗುರುತಿಸುವ ಚೌಕ, ಎಲ್ಲಿ ಹಾಕುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಜೀಪು ಹೋಗುವ ದಾರಿಯ ಪಕ್ಕದಲ್ಲೇ ಹಾಕಿದರೆ ಲಂಟಾನ, ಬೇವು, ಹೊಂಗೆಯ ಪಟ್ಟಿ ಸಿಗುತ್ತದೆ ಅಷ್ಟೇ. ಇಲ್ಲಿ ಅದಿರು ಜಾಸ್ತಿ ಇರುವುದು ಗುಡ್ಡದ ನೆತ್ತಿಯಲ್ಲಿ. ಅಂದರೆ ಮೊದಲು ಹೋಗುವುದು ತೆಳ್ಳನೆ ಮಣ್ಣಿನ ಮೇಲಿನ ಹುಲ್ಲುಗಾವಲು. ನೆತ್ತಿ, ಇಳಿಜಾರು, ಹಳ್ಳದ ಬದಿ, ಮೂರಕ್ಕೂ ಬೇರೆ ಬೇರೆ ಪ್ಲಾಟ್ ಹಾಕಿ. ಮರಕ್ಕೆ 10 ಮೀಟರ್ ಚೌಕ, ಪೊದೆಗೆ 5, ಹುಲ್ಲು ಮತ್ತು ಸಣ್ಣ ಗಿಡಕ್ಕೆ 1 ಮೀಟರ್. ಹೊಸ ಗಿಡ ಸಿಗುವುದು ನಿಲ್ಲುವ ತನಕ ಪ್ಲಾಟ್ ಹೆಚ್ಚಿಸುತ್ತಾ ಹೋಗಿ. ಬರೀ ಹೆಸರಿನ ಪಟ್ಟಿ ಮಾಡಬೇಡಿ. ಎಷ್ಟು ಗಿಡ, ಯಾವುದರ ಜೊತೆ ಯಾವುದು, ಮಣ್ಣು ಎಷ್ಟು ಆಳ, ಬಿಸಿಲು ಯಾವ ಕಡೆಯಿಂದ, ಇವೆಲ್ಲ ಬೇಕು.

ಉತ್ತರ 2: ನಾನು ಇನ್ನೊಂದು ತುದಿಯಲ್ಲಿ ಕೆಲಸ ಮಾಡುವವನು, ಅಗೆದು ಮುಗಿದ ಜಾಗದಲ್ಲಿ ಗಿಡ ನೆಡುವುದು. ಬಳ್ಳಾರಿ ಗಣಿಗಳನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಲ್ಲಿಸಿತ್ತು. ಆಮೇಲೆ ಪುನಶ್ಚೇತನ ಯೋಜನೆ ಇದ್ದರೆ ಮಾತ್ರ ತೆರೆಯಬಹುದು ಎಂದಿತು. ಯೋಜನೆ ಮಾಡಲು ಕೂತಾಗ ಮೊದಲು ಬರುವ ಪ್ರಶ್ನೆ: ಇಲ್ಲಿ ಮುಂಚೆ ಏನಿತ್ತು? ಹಳೆಯ ವರದಿ ತೆಗೆದರೆ 'ಒಣ ಎಲೆಯುದುರುವ ಕಾಡು' ಅಂತ ಒಂದು ಸಾಲು. ಅದನ್ನಿಟ್ಟುಕೊಂಡು ಏನು ನೆಡಲಿ? ಕೊನೆಗೆ ಸುಮ್ನೆ ಗ್ಲಿರಿಸಿಡಿಯಾ, ಅಕೇಶಿಯಾದಂಥ ಹೊರಗಿನ ಮರಗಳು ಬರುತ್ತವೆ. ಬಂದರಿಕೆ, ದಿಂಡಿಗ, ಅಲ್ಲಿಯದೇ ಹುಲ್ಲು ಬರಬೇಕಾದ ಜಾಗ ಅದು.

ಅದಕ್ಕೆ ನಿಮ್ಮಲ್ಲಿ ಎರಡು ಕೋರಿಕೆ. ಯಾವ ಗಿಡ ಯಾವ ತಿಂಗಳು ಬೀಜ ಕಟ್ಟುತ್ತದೆ ಅಂತ ಬರೆದಿಡಿ, ಕಡಿಯುವ ಮುಂಚೆ ಬೀಜ ಆರಿಸಬಹುದು. ಮತ್ತೆ, ಎಲ್ಲಿ ಒಳ್ಳೆಯ ಹುಲ್ಲುಗಾವಲು ಇದೆಯೋ ಅದನ್ನು ನಕ್ಷೆಯಲ್ಲಿ ಗುರುತಿಸಿ. ಬೀಜ, ಬೇರು, ಗಡ್ಡೆ ಎಲ್ಲ ಮೇಲ್ಮಣ್ಣಿನಲ್ಲೇ ಇರುತ್ತವೆ. ಆ ಮಣ್ಣನ್ನು ಬೇರೆ ತೆಗೆದು, ಎತ್ತರಕ್ಕೆ ಗುಡ್ಡೆ ಹಾಕದೆ ಬೇಗ ಹರಡಿದರೆ ಎಷ್ಟೋ ಗಿಡ ತಾನಾಗೇ ಬರುತ್ತವೆ. ವರ್ಷಗಟ್ಟಲೆ ಗುಡ್ಡೆಯಲ್ಲಿ ಬಿದ್ದರೆ ಬೀಜ ಸತ್ತುಹೋಗುತ್ತದೆ.

ಉತ್ತರ 3: ಗಿಡದ ಮಾದರಿ ಕೀಳುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ತಗೊಳ್ಳಿ. ಹೂವಿನ ಬಣ್ಣ ಅಲ್ಲೇ ಬರೆದುಕೊಳ್ಳಿ, ಒಣಗಿದ ಮೇಲೆ ಗೊತ್ತಾಗಲ್ಲ. ಮಳೆಗಾಲದಲ್ಲಿ ಗಿಡ ಒಣಗಿಸಲು ಒತ್ತಿಟ್ಟ ಪೇಪರ್ ದಿನಾ ಬದಲಾಯಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಗುರುತು ಸಿಗದ ಗಿಡವನ್ನು ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಇರುವ ಮಾದರಿಗಳ ಜೊತೆ ಹೋಲಿಸಿ ನೋಡಬಹುದು. ಆಗಲೂ ಹೆಸರು ಸಿಗದಿದ್ದರೆ ಪಟ್ಟಿಯಿಂದ ಕೈಬಿಡಬೇಡಿ. 'ಗುರುತಾಗಿಲ್ಲ' ಎಂದೇ ಬರೆದು, ಮಾದರಿಯ ನಂಬರ್ ಹಾಕಿ ವರದಿಗೆ ಸೇರಿಸಿ.